ಗ್ರೆನಡಾದಲ್ಲಿ ಹಡಗು ನಿಂತಾಗ: ಉಚಿತ ಚಾಕೊಲೇಟ್ ಮ್ಯೂಸಿಯಂ ಸಾಕೇ, ತೋಟಕ್ಕೇ ಹೋಗಬೇಕೇ?

ನ್ಯೂಜೆರ್ಸಿ ಕನ್ನಡಿಗ: ಅಪ್ಪ, ಅಮ್ಮ, ತಮ್ಮನೊಡನೆ ಕೆರಿಬಿಯನ್ ಕ್ರೂಸ್ ಹೊರಟಿದ್ದೇವೆ. ಗ್ರೆನಡಾದ ಸೇಂಟ್ ಜಾರ್ಜಸ್ ಬಂದರಿನಲ್ಲಿ ಹಡಗು ಬೆಳಿಗ್ಗೆಯಿಂದ ಸಂಜೆಯವರೆಗೆ ನಿಲ್ಲುತ್ತದೆ. ಹಡಗಿನವರೇ ಏರ್ಪಡಿಸುವ ಕೋಕೋ ತೋಟದ ಪ್ರವಾಸ ನಾಲ್ವರಿಗೆ ದುಬಾರಿ. ಯಂಗ್ ಸ್ಟ್ರೀಟ್‌ನ ಹೌಸ್ ಆಫ್ ಚಾಕೊಲೇಟ್‌ಗೆ ಪ್ರವೇಶ ಉಚಿತವಂತೆ. ಅದೊಂದನ್ನೇ ನೋಡಿ ಬಂದರೆ ಸಾಲದೇ?

ಕಡಲತಡಿ: ಧಾರಾಳವಾಗಿ ಸಾಕು. ಹಡಗುಕಟ್ಟೆಯಿಂದ ನಡೆದೇ ಹೋಗಬಹುದು. ದಾರಿಯಲ್ಲಿ 1894ರ ಸೆಂಡಾಲ್ ಸುರಂಗ ಸಿಗುತ್ತದೆ. ಕಿರಿದಾದ ಆ ಸುರಂಗದಲ್ಲಿ ವಾಹನಗಳೂ ಪಾದಚಾರಿಗಳೂ ಒಟ್ಟಿಗೇ ಸಾಗುವುದರಿಂದ ಹಿರಿಯರನ್ನು ಗೋಡೆಯ ಪಕ್ಕಕ್ಕೆ ಇರಿಸಿಕೊಳ್ಳಿ. ಚಾಕೊಲೇಟ್ ಮನೆಯೆಂದರೆ ಪುಟ್ಟ ಮ್ಯೂಸಿಯಂ, ಅಂಗಡಿ, ಕೆಫೆ ಮೂರೂ ಒಂದೇ ಕಡೆ. ಅರ್ಧ ಗಂಟೆಯಲ್ಲಿ ನೋಡಿ ಮುಗಿಯುತ್ತದೆ. ಬಳಿಕ ಮಾರ್ಕೆಟ್ ಸ್ಕ್ವೇರ್‌ಗೆ ಹೋದರೆ ಜಾಯಿಕಾಯಿ, ಜಾಪತ್ರೆ, ದಾಲ್ಚಿನ್ನಿ ಮಾರುವವರು ಸಿಗುತ್ತಾರೆ.

ಪುತ್ತೂರಿನ ತೋಟದವ: ನನಗೆ ಒಪ್ಪಿಗೆಯಿಲ್ಲ. ಅಡಿಕೆಯ ನಡುವೆ ಕೊಕ್ಕೊ ಬೆಳೆಯುವವನಾಗಿ ಹೇಳುತ್ತೇನೆ, ಚಾಕೊಲೇಟಿನ ರುಚಿ ಬಹುಪಾಲು ನಿರ್ಧಾರವಾಗುವುದು ಹುಳಿ ಬರಿಸುವ ಪೆಟ್ಟಿಗೆಯಲ್ಲಿ. ಬಿಳಿ ಲೋಳೆ ಅಂಟಿದ ಹಸಿ ಬೀಜವನ್ನು ಮರದ ಪೆಟ್ಟಿಗೆಗೆ ತುಂಬಿ, ಬಾಳೆ ಎಲೆ ಮುಚ್ಚಿ, ಆಗಾಗ ಮಗುಚುತ್ತ ಸುಮಾರು ಒಂದು ವಾರ ಇಟ್ಟಾಗ ಅದು ಕೈಗೆ ಬಿಸಿ ತಾಗುವಷ್ಟು ಕಾಯುತ್ತದೆ. ನಮ್ಮಲ್ಲಿ ಅನೇಕರು ಹಸಿ ಬೀಜವನ್ನೇ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊಗೆ ಕೊಟ್ಟುಬಿಡುವುದರಿಂದ, 1986ರಿಂದ ಊರಲ್ಲೇ ಅದರ ಚಾಕೊಲೇಟ್ ಕಾರ್ಖಾನೆ ಇದ್ದರೂ, ಬೆಳೆಗಾರರಿಗೇ ಈ ಹಂತದ ಪರಿಚಯ ಕಡಿಮೆ. ಗ್ರೆನಡಾದ ಸೇಂಟ್ ಪ್ಯಾಟ್ರಿಕ್ ಪ್ರಾಂತ್ಯದಲ್ಲಿರುವ ಬೆಲ್ಮಾಂಟ್ ಎಸ್ಟೇಟ್ ಎಂಬ ಕೋಕೋ ತೋಟದಲ್ಲಿ ಬೀಜವನ್ನು ಬಿಸಿಲಿಗೆ ಹರಡಿ, ಕಾಲಿನಿಂದ ಸಾಲುಸಾಲಾಗಿ ಎಳೆಯುತ್ತ ಮಗುಚುತ್ತಾರೆ. ಗೋಡೆಯ ಮೇಲಿನ ಚಿತ್ರದಲ್ಲಿ ಆ ವಾಸನೆ ಎಲ್ಲಿಂದ ಬರಬೇಕು?

ಗಡಿಯಾರ: ತೋಟದವರೇ, ಬೆಲ್ಮಾಂಟ್ ಇರುವುದು ದ್ವೀಪದ ಉತ್ತರದಲ್ಲಿ. ಗುಡ್ಡದ ತಿರುವು ರಸ್ತೆಯಲ್ಲಿ ಹೋಗಲೇ ಒಂದು ಗಂಟೆಗೂ ಹೆಚ್ಚು ಬೇಕು. ಹಡಗಿನವರದೇ ಪ್ರವಾಸ ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ನೀವೇ ಟ್ಯಾಕ್ಸಿ ಹಿಡಿದು ಹೋದರೆ ಕಾಯುವುದಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಅಂಥ ಸಾಹಸವೇಕೆ?

ಲೆಕ್ಕಪತ್ರ: ಉಚಿತ ಎಂಬ ಮಾತಿಗೇ ನನ್ನ ತಕರಾರು. ಅಲ್ಲಿ ಪ್ರವೇಶಕ್ಕೆ ಹಣ ಪಡೆಯದಿರುವುದು ಅಂಗಡಿಯ ವ್ಯಾಪಾರವನ್ನು ನಂಬಿ. ಊಟವನ್ನೂ ಹಡಗಿನಲ್ಲೇ ಮಾಡಿ, ಬಿಟ್ಟಿ ನೋಡಿ ಹಿಂದಿರುಗಿದರೆ ಊರಿನವರಿಗೆ ಏನು ದಕ್ಕಿತು? 2004ರ ಐವನ್ ಚಂಡಮಾರುತಕ್ಕೆ ದ್ವೀಪದ ಬಹುಪಾಲು ಜಾಯಿಕಾಯಿ ಮರಗಳು ಉರುಳಿದವು. ಮತ್ತೆ ನೆಟ್ಟ ಗಿಡ ಫಲಕ್ಕೆ ಬರಲು ವರ್ಷಗಳೇ ಬೇಕಾದ್ದರಿಂದ ಹಲವು ರೈತರು ಕೋಕೋವನ್ನು ನೆಚ್ಚಿಕೊಂಡರು. 1999ರಲ್ಲಿ ಮಾಟ್ ಗ್ರೀನ್ ಮತ್ತು ಇಬ್ಬರು ಸಂಗಡಿಗರು ಕಟ್ಟಿದ ಗ್ರೆನಡಾ ಚಾಕೊಲೇಟ್ ಕಂಪನಿಯ ಉದ್ದೇಶವೇ ಬೀಜವನ್ನು ಹೊರದೇಶಕ್ಕೆ ಮಾರುವ ಬದಲು ಬೆಳೆದಲ್ಲೇ ಚಾಕೊಲೇಟ್ ಮಾಡುವುದಾಗಿತ್ತು. ಆದ್ದರಿಂದ ಒಂದೆರಡು ಬಾರ್ ಕೊಳ್ಳುವುದನ್ನೇ ಪ್ರವೇಶದರ ಎಂದುಕೊಳ್ಳಿ.

ಗಡಿಯಾರ: ಟಿಕೆಟ್ಟಿನಲ್ಲೇ ಬಂದರು ಶುಲ್ಕ ಸೇರಿರುತ್ತದೆಯಲ್ಲ ಸ್ವಾಮಿ. ಪ್ರವಾಸಿಯನ್ನು ಅಪರಾಧಿಯಂತೆ ಕಾಣಬೇಡಿ.

ಲೆಕ್ಕಪತ್ರ: ಆ ಶುಲ್ಕ ಸರ್ಕಾರಕ್ಕೆ ಹೋಗುತ್ತದೆ, ಕೋಕೋ ಒಣಗಿಸುವವರ ಕೈಗಲ್ಲ. ನಾನು ಕೇಳುತ್ತಿರುವುದು ದಾನವನ್ನಲ್ಲ, ಒಳ್ಳೆಯ ಸರಕಿಗೆ ಬೆಲೆಯನ್ನು.

ಕಡಲತಡಿ: ಇದಕ್ಕೆ ನನ್ನ ಸಹಮತವಿದೆ. 60ರಿಂದ 100 ಶೇಕಡಾ ಕೋಕೋವರೆಗಿನ ಬಾರ್‌ಗಳಿವೆ. ನಮ್ಮ ನಾಲಿಗೆಗೆ 100 ತೀರಾ ಕಹಿ. ಕೊಳ್ಳುವುದನ್ನು ಕೊನೆಗೆ ಇಟ್ಟುಕೊಳ್ಳಿ, ಬಿಸಿಲಿಗೆ ಚೀಲದಲ್ಲೇ ಮೆತ್ತಗಾಗುತ್ತದೆ.

ನ್ಯೂಜೆರ್ಸಿ ಕನ್ನಡಿಗ: ಎಲ್ಲರಿಗೂ ಧನ್ಯವಾದಗಳು. ಅಪ್ಪ ಅಮ್ಮನನ್ನು ಕರೆದುಕೊಂಡು ನಾನು ಯಂಗ್ ಸ್ಟ್ರೀಟ್‌ಗೆ ಹೋಗುತ್ತೇನೆ. ತಮ್ಮನೊಬ್ಬನಿಗೆ ಹಡಗಿನವರ ತೋಟದ ಪ್ರವಾಸ ಕಾಯ್ದಿರಿಸಿದ್ದೇನೆ.

ಪುತ್ತೂರಿನ ತೋಟದವ: ಹಾಗಾದರೆ ತಮ್ಮನಿಗೆ ಹೇಳಿ, ಅಂದು ತುಂಬಿದ ಪೆಟ್ಟಿಗೆಯನ್ನಷ್ಟೇ ನೋಡಿ ಬರಬಾರದು, ನಾಲ್ಕೈದು ದಿನ ಹುಳಿ ಬಂದದ್ದನ್ನೂ ತೆರೆಸಿ ಮೂಸಿ ನೋಡಲಿ.