ಹಳೆಯ ಮೋವರ್ ಹುಲ್ಲು ಕೊಯ್ಯುವ ಬದಲು ಮಲಗಿಸುತ್ತಿದೆ

ಹೊಳೆದಂಡೆ, ಖಾನಾಪುರ ತಾಲ್ಲೂಕು:

ಬೇಸಿಗೆಯಲ್ಲಿ ಬೆಳಗಾವಿಯ ಗುಜರಿ ಅಂಗಡಿಯೊಂದರಲ್ಲಿ ಹುಲ್ಲು ಕೊಯ್ಯುವ ಹಳೆಯ ಯಂತ್ರ ಕಣ್ಣಿಗೆ ಬಿತ್ತು. ಟ್ರ್ಯಾಕ್ಟರಿನ ಬಲಕ್ಕೆ ಚಾಚಿಕೊಳ್ಳುವ ಐದು ಅಡಿಯ ಪಟ್ಟಿ, ಅದರ ಮುಂದೆ ಸಾಲಾಗಿ ಕಬ್ಬಿಣದ ಬೆರಳುಗಳು, ಬೆರಳುಗಳ ಸೀಳಿನಲ್ಲಿ ಅತ್ತಿತ್ತ ಓಡಾಡುವ ತ್ರಿಕೋನ ಬ್ಲೇಡುಗಳ ಚಾಕು. ತೂಕದ ಲೆಕ್ಕದಲ್ಲಿ ಕೊಟ್ಟರು. ಮನೆಗೆ ತಂದಾಗ ಅವ್ವ, "ಮೊಸಳೆಯ ದವಡೆಯನ್ನು ಎಲ್ಲಿಂದ ತಂದೆ?" ಎಂದು ಕೇಳಿದಳು.

ಮಲಪ್ರಭೆಯ ದಂಡೆಗೆ ನಮ್ಮದು ನಾಲ್ಕು ಎಕರೆ ಹುಲ್ಲು, ಮನೆಯಲ್ಲಿ ಆರು ಎಮ್ಮೆ. ಕುಡಗೋಲು ಹಿಡಿಯುವವರೆಲ್ಲ ದಸರೆ ಮುಗಿಯುತ್ತಿದ್ದಂತೆ ಕಬ್ಬಿನ ಗ್ಯಾಂಗು ಸೇರಿಬಿಡುತ್ತಾರೆ. ಹಸ್ತ ಮಳೆ ಬಿಡುವು ಕೊಟ್ಟ ಮೇಲೆ ಮೊನ್ನೆ ಯಂತ್ರವನ್ನು ಇಳಿಸಿದೆ. ಮೊದಲ ಹತ್ತು ಮಾರು ಕೊಯ್ದಿತು. ಆಮೇಲೆ ಹುಲ್ಲು ತುಂಡಾಗದೆ ಬೆರಳುಗಳಲ್ಲಿ ಮಡಚಿಕೊಂಡು ಸಿಕ್ಕಿಬೀಳತೊಡಗಿತು. ತಿರುಗಿ ನೋಡಿದರೆ ಗದ್ದೆಯೆಲ್ಲ ಮೊಂಡು ಕತ್ತರಿಗೆ ಸಿಕ್ಕ ಮಗುವಿನ ತಲೆಯಂತೆ. ಬ್ಲೇಡುಗಳನ್ನು ಬಿಡದೆ ಗ್ರೈಂಡರಿನಲ್ಲಿ ಎರಡೂ ಬದಿಗೆ ಮಸೆದೆ. ಇನ್ನೂ ಕೆಟ್ಟಿತು. ಜೊತೆಗೆ ಕಟಕಟ ಸದ್ದು ಬೇರೆ. ಎಲ್ಲಿಂದ ಶುರುಮಾಡಲಿ?

ಹಳೆಯ ಫಿಟ್ಟರ್, ಬೆಳಗಾವಿ:

ಎರಡೂ ಬದಿಗೆ ಮಸೆದೆ ಎಂದಿರಲ್ಲ, ಅಲ್ಲಿಯೇ ಕೆಟ್ಟಿದ್ದು. ಕುಡಗೋಲಿಗೆ ಒಂದು ಅಲಗು ಸಾಕು, ಈ ಯಂತ್ರಕ್ಕೆ ಎರಡು ಬೇಕು. ಪ್ರತಿ ಬೆರಳಿನೊಳಗೆ ಒಂದು ಸಣ್ಣ ಉಕ್ಕಿನ ತಟ್ಟೆ ಇರುತ್ತದೆ, ಅದರ ಮೇಲಿನ ಮಣ್ಣು ಕೆರೆದು ನೋಡಿ. ಬ್ಲೇಡಿನ ಚಪ್ಪಟೆ ತಳ ಆ ತಟ್ಟೆಯನ್ನು ಸವರಿಕೊಂಡು ಹೋದರೆ ಮಾತ್ರ ಕತ್ತರಿಯ ಕೆಲಸ ಆಗುತ್ತದೆ. ನೀವು ತಳವನ್ನೇ ಮಸೆದು ಸಂದು ಮಾಡಿದ್ದೀರಿ. ತಿರುಪು ಸಡಿಲವಾದ ಕತ್ತರಿಯಲ್ಲಿ ನಮ್ಮ ಮನೆಯವರು ಬಟ್ಟೆ ಕತ್ತರಿಸಲು ಹೋದರೆ ಬಟ್ಟೆ ಮಡಚಿಕೊಳ್ಳುತ್ತದೆ, ಬೈಗುಳ ನನಗೆ ಬೀಳುತ್ತದೆ. ನಿಮ್ಮ ಹುಲ್ಲಿಗೂ ಅದೇ ಗತಿ.

ಆ ಬ್ಲೇಡುಗಳ ಆಸೆ ಬಿಡಿ. ಸೋಯಾ ಕೊಯ್ಯುವ ಕಂಬೈನಿನ ಮುಂಭಾಗದಲ್ಲೂ ಇದೇ ಜಾತಿಯ ಮೂರು ಇಂಚಿನ ಬ್ಲೇಡು ಇರುತ್ತದೆ. ಬಿಡಿಭಾಗದ ಅಂಗಡಿಗೆ ಹಳೆಯದೊಂದನ್ನು ಒಯ್ದು ತೂತುಗಳ ಅಂತರ ಹೊಂದಿಸಿ ತನ್ನಿ. ರಿವೆಟ್‌ಗಳನ್ನು ಡ್ರಿಲ್ ಮಾಡಬೇಡಿ, ತೂತು ಅಗಲವಾಗುತ್ತದೆ. ಚಾಕುವಿನ ಬೆನ್ನುಪಟ್ಟಿಯನ್ನು ವೈಸಿನ ದವಡೆಗಳ ಮೇಲೆ ಕೂರಿಸಿ, ಬ್ಲೇಡು ನಡುವೆ ಕೆಳಕ್ಕೆ ಜೋತಿರಲಿ. ಬ್ಲೇಡಿನ ಹಿಂದಿನ ಅಂಚಿಗೆ ಸುತ್ತಿಗೆಯಿಂದ ಒಂದು ಗಟ್ಟಿ ಏಟು ಕೊಟ್ಟರೆ ಎರಡೂ ರಿವೆಟ್ ಕತ್ತರಿಸಿಕೊಂಡು ಬೀಳುತ್ತವೆ.

ಜೋಡಿಸಿದ ಮೇಲೆ ಚಾಕುವನ್ನು ಓಡಿಸುವ ಗಾಲಿಯನ್ನು ಕೈಯಲ್ಲಿ ತಿರುಗಿಸಿ. ಚಾಕು ಎರಡೂ ಕೊನೆಗೆ ಮುಟ್ಟಿದಾಗ ಬ್ಲೇಡಿನ ತುದಿ ಬೆರಳಿನ ನಟ್ಟನಡುವೆ ನಿಲ್ಲಬೇಕು. ನಿಲ್ಲದಿದ್ದರೆ ಚಾಕುವನ್ನು ಎಳೆದಾಡುವ ಪಿಟ್‌ಮನ್ ದಂಡದ ಉದ್ದ ಸರಿಪಡಿಸಿ. ಕಟಕಟ ಸದ್ದು ಬಹುಶಃ ಅದರ ಬುಷ್ ಸವೆದದ್ದು. ಇನ್ನೊಂದು ಸಂಗತಿಯನ್ನು ಎಲ್ಲರೂ ಮರೆಯುತ್ತಾರೆ: ನಿಂತಾಗ ಪಟ್ಟಿಯ ಹೊರತುದಿ ಒಳತುದಿಗಿಂತ ತುಸು ಮುಂದಿರಬೇಕು, ಅಡಿಗೆ ಕಾಲಿಂಚಿನಂತೆ ನಿಮ್ಮದಕ್ಕೆ ಒಂದೂಕಾಲು ಇಂಚು. ಹುಲ್ಲಿನ ಒತ್ತಡಕ್ಕೆ ಅದು ಹಿಂದೆ ಸರಿದು ನೇರವಾಗುತ್ತದೆ.

ಬೆರಳು ಮುರಿದಿದ್ದರೆ ಮಾದರಿ ಹಿಡಿದು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ ಬನ್ನಿ, ಫೌಂಡ್ರಿಗಳಿಗೆ ಬರವಿಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ತೆರೆದು, ಮುಂದೆ ಮೇವು ಕತ್ತರಿಸುವ ಯಂತ್ರ ಮಾಡಿದ ಊರು ಇದು. ನಿಮ್ಮ ಒಂದು ಬೆರಳು ದೊಡ್ಡದಲ್ಲ.

ಎರೆಹೊಲ, ಇಂಡಿ:

ಇಷ್ಟೆಲ್ಲ ರಗಳೆ ಯಾಕೆ? ಹೆಗಲಿಗೆ ಹಾಕಿಕೊಳ್ಳುವ ಬ್ರಷ್ ಕಟರ್ ತನ್ನಿ. ನಾವಂತೂ ಜೋಳವನ್ನು ಕೈಯಲ್ಲಿ ಕಿತ್ತು ಕಣಿಕೆ ಒಟ್ಟುವವರು, ನಮ್ಮ ಬಣವೆಗಳೇನೂ ಬಿದ್ದಿಲ್ಲ.

ಹಳೆಯ ಫಿಟ್ಟರ್:

ನಾಲ್ಕು ಎಕರೆಯನ್ನು ಹೆಗಲ ಮೇಲೆ ಹೊತ್ತು ಕೊಯ್ದು ನೋಡಿ, ಆಮೇಲೆ ಮಾತಾಡೋಣ.

ಬೈಲಹೊಂಗಲದವಳು:

ನಾನು ಎಂಟು ವರ್ಷದಿಂದ ಇಂಥದ್ದೇ ಯಂತ್ರ ಓಡಿಸುತ್ತಿದ್ದೇನೆ. ಎಡಗೈಯ ತೋರುಬೆರಳಿನ ತುದಿ ಇಲ್ಲ. ಎಂಜಿನ್ ನಿಂತಿತ್ತು. ಸಿಕ್ಕಿದ ಹುಲ್ಲನ್ನು ನಾನು ಎಳೆಯುತ್ತಿದ್ದಾಗ ಮನೆಯವರು ಸಹಾಯಕ್ಕೆಂದು ಗಾಲಿ ತಿರುಗಿಸಿದರು. ಒಂದು ತುದಿಯಲ್ಲಿ ಅಲುಗಾಡಿಸಿದರೆ ಇಡೀ ಚಾಕು ಓಡುತ್ತದೆ. ಅಂದಿನಿಂದ ಕೀಲಿ ನನ್ನ ಸೊಂಟದಲ್ಲಿ, ಹುಲ್ಲು ಬಿಡಿಸಲು ಕೋಲು, ಹತ್ತಿರ ಯಾರೂ ಇಲ್ಲ.

ಕೊಯ್ಯುವ ಮುಂಚೆ ಗದ್ದೆಯನ್ನು ನಡೆದು ನೋಡಿ. ಹೊಳೆಯ ನೆರೆ ತಂದ ಕಲ್ಲು, ತಂತಿ, ಹರಿದ ಸೀರೆ ಹುಲ್ಲಿನಡಿ ಕಾಣುವುದಿಲ್ಲ. ಬೆಳಿಗ್ಗೆ ಇಬ್ಬನಿ ಆರುವವರೆಗೆ ಚಹಾ ಕುಡಿಯಿರಿ. ಟ್ರ್ಯಾಕ್ಟರಿನಿಂದ ಯಂತ್ರಕ್ಕೆ ಶಕ್ತಿ ಕೊಡುವ ಪಿಟಿಒ ದಂಡದ ವೇಗ ನಿಮಿಷಕ್ಕೆ 540 ಸುತ್ತಿಗೆ ಬರಲಿ, ಗೇರು ಸಣ್ಣದಿರಲಿ: ಚಾಕು ಜೋರು, ಗಾಡಿ ನಿಧಾನ. ನೀವು ಅದನ್ನು ತಿರುವುಮುರುವು ಮಾಡಿರಬೇಕು ಎಂದು ನನ್ನ ಗುಮಾನಿ. ಹೊರತುದಿಯ ಓರೆ ಹಲಗೆ ಉಳಿದಿದೆಯೇ? ಅದು ಕೊಯ್ದ ಹುಲ್ಲನ್ನು ಒಳಕ್ಕೆ ಸರಿಸುತ್ತದೆ. ಇಲ್ಲದಿದ್ದರೆ ಮುಂದಿನ ಸುತ್ತಿನಲ್ಲಿ ಒಳತುದಿ ಕೊಯ್ದ ಹುಲ್ಲನ್ನೇ ಮತ್ತೆ ಮುಕ್ಕುತ್ತದೆ.

ಹೊಳೆದಂಡೆ:

ಹನ್ನೊಂದು ದಿನ ಕಳೆಯಿತು. ಇಪ್ಪತ್ತು ಬ್ಲೇಡು, ನಲವತ್ತು ರಿವೆಟ್ ಬದಲಾದವು. ಹೊರತುದಿ ಮುಂದಿರುವುದು ಹಾಗಿರಲಿ, ಎರಡು ಇಂಚು ಹಿಂದೆಯೇ ಇತ್ತು. ಹಲಗೆ ಇರಲೇ ಇಲ್ಲ, ಬೇವಿನ ತುಂಡೊಂದನ್ನು ಬಡಗಿಯಿಂದ ಮಾಡಿಸಿದೆ. ಗೇರಿನ ಗುಮಾನಿಯೂ ನಿಜ.

ನಿನ್ನೆ ಹತ್ತೂವರೆಗೆ ಇಳಿಸಿದೆ. ಕಟಕಟ ಹೋಗಿ ಹೊಲಿಗೆ ಯಂತ್ರದಂಥ ಸದ್ದು. ಹುಲ್ಲು ಮೊದಲು ನಿಂತೇ ಇರುತ್ತದೆ, ಕತ್ತರಿಸಿತೋ ಇಲ್ಲವೋ ಎಂದು ಅನುಮಾನ ಬರುವಷ್ಟು ಹೊತ್ತು. ಆಮೇಲೆ ತೆನೆಗಳು ಒಮ್ಮೆ ನಡುಗಿ ಇಡೀ ಸಾಲು ಹಿಂದಕ್ಕೆ ಒರಗುತ್ತದೆ. ನಾನು ಮುಂದಿನ ದಾರಿ ಬಿಟ್ಟು ಅದನ್ನೇ ನೋಡುತ್ತ ಬದುವಿಗೆ ಹತ್ತಿಸಿದೆ. ಪಟ್ಟಿ ತಾನೇ ಕಳಚಿಕೊಂಡು ಹಿಂದೆ ಮಡಚಿತು, ಟ್ರ್ಯಾಕ್ಟರನ್ನು ಹಿಂದೆ ತೆಗೆದಾಗ ಮತ್ತೆ ಕಚ್ಚಿಕೊಂಡಿತು. ಏನೂ ಮುರಿಯಲಿಲ್ಲ.

ಎರಡು ಎಕರೆ ಬಿದ್ದಿದೆ. ಪಶ್ಚಿಮಕ್ಕೆ ಮೋಡ ಕಟ್ಟಿದೆ, ಚಿತ್ತಿ ಮಳೆ ಇನ್ನೂ ಮುಗಿದಿಲ್ಲ. ಅವ್ವ ಸಂಜೆ ಒಂದು ಹಿಡಿ ಹುಲ್ಲು ತಿರುಚಿ ನೋಡಿ, ಗೆಣ್ಣು ಇನ್ನೂ ಹಸಿ, ಈಗಲೇ ಒಟ್ಟಿದರೆ ಬಣವೆ ಒಳಗೇ ಕಾವೇರುತ್ತದೆ ಎಂದಳು. ಉಳಿದ ಎರಡು ಎಕರೆ ಈ ವಾರ ನಿಂತೇ ಇರಲಿ. ಬೈಲಹೊಂಗಲದವರೇ, ನಿಮ್ಮ ಕಡೆ ಮಳೆ ಬಂತೇ?