ಸಹಾಯ ಬೇಕು: ರಿಕರ್ವ್ ಬಿಲ್ಲಿಗೆ (ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು) ಯಾವ ಶಾಫ್ಟ್ (ಬಾಣದ ಕಡ್ಡಿ) ತೆಗೆದುಕೊಳ್ಳೋದು?

ಎಲ್ಲರಿಗೂ ನಮಸ್ಕಾರ, ತುಮಕೂರಿನಿಂದ ಬರೆಯುತ್ತಿದ್ದೇನೆ. ಮಗಳು ಬಿಲ್ಲುಗಾರಿಕೆ ಕಲಿಯುತ್ತಿದ್ದಾಳೆ, ಅವಳಿಗೆ ಹೊಸ ಬಾಣ ಕೊಡಿಸಬೇಕು. ಬೇಟೆಗಲ್ಲ, ಅದಕ್ಕೆ ಕಾನೂನೇ ಬಿಡೋದಿಲ್ಲ, ಬರೀ ಟಾರ್ಗೆಟ್‌ಗೆ.

ಬಿಲ್ಲನ್ನು ಪೂರ್ತಿ ಎಳೆದಾಗ ಬೆರಳಿಗೆ 26 ಪೌಂಡ್ ಭಾರ ಬರುತ್ತದೆ, ಬಾಣದ ಉದ್ದ 27 ಇಂಚು. ಈಗ ಹೊಡೆಯುತ್ತಿರುವುದು ಯಾರೋ ಕೊಟ್ಟ 1000 ಸ್ಪೈನ್ (ಶಾಫ್ಟ್ ಎಷ್ಟು ಬಾಗುತ್ತದೆ ಅನ್ನೋ ಅಳತೆ) ಕಾರ್ಬನ್ ಬಾಣ. ಶಾಫ್ಟ್ ಬಿಲ್ಲಿಗೆ ಹೊಂದುತ್ತದಾ ಅಂತ ತಿಳಿಯೋಕೆ ನಿನ್ನೆ 18 ಮೀಟರ್‌ನಲ್ಲಿ ಗರಿ ಇಲ್ಲದ ಬಾಣ ಹೊಡೆಸಿ ನೋಡಿದೆ. ಗರಿ ಇರುವವೆಲ್ಲ ನಡುವಿನ ಹಳದಿಯಲ್ಲಿ, ಇದೊಂದು ಮಾತ್ರ ಬಲಕ್ಕೆ, ನೀಲಿ ಗೆರೆ ದಾಟಿ. ಅವಳು ಬಲಗೈಯವಳು, ಹಾಗಾದರೆ ಶಾಫ್ಟ್ ಮೆತ್ತಗಾಯಿತು ಅಂತ ಅರ್ಥ ಅಲ್ವಾ? ಸ್ಪೈನ್ ನಂಬರ್ ಕಡಿಮೆ ಆದಷ್ಟೂ ಶಾಫ್ಟ್ ಗಟ್ಟಿ ಅನ್ನೋದು ಗೊತ್ತು. ಆದರೆ 900 ತಗೊಳ್ಳೋದಾ, ಇಲ್ಲ ಮುಂದೆ ಪೌಂಡ್ ಜಾಸ್ತಿ ಆಗುತ್ತದೆ ಅಂತ ಈಗಲೇ 800 ತಗೊಂಡು, ಉದ್ದ ಒಂದು ಇಂಚು ಜಾಸ್ತಿ ಬಿಟ್ಟು, ಭಾರದ ಮೊನೆ ಹಾಕಿ ಸರಿದೂಗಿಸೋದಾ?

ಅಲ್ಯೂಮಿನಿಯಂ ಅಗ್ಗ, ನೇರವಾಗಿಯೂ ಇರುತ್ತದೆ, ಆದರೆ ಬೇಗ ಬಾಗುತ್ತದೆ, 60 ಮೀಟರ್‌ಗೆ ಹೋದಾಗ ಭಾರವೂ ಆಗುತ್ತದೆ. ನನಗೆ ಕಾರ್ಬನ್ನೇ ಸರಿ ಅನಿಸುತ್ತದೆ.

ಬೆಳೆಯುವ ಮಕ್ಕಳಿಗೆ ಬಾಣ ಕೊಡಿಸಿದವರು ದಯವಿಟ್ಟು ಹೇಳಿ. ಬೆಂಗಳೂರಿನಲ್ಲಿ ಶಾಫ್ಟ್ ಅಳತೆಗೆ ಕತ್ತರಿಸಿಕೊಡುವ ಅಂಗಡಿ ಗೊತ್ತಿದ್ದರೆ ಅದನ್ನೂ ತಿಳಿಸಿ, ಭಾನುವಾರ ಹೋಗಿ ಬರುತ್ತೇವೆ.