ಚಿಕ್ಕ ಗೆರೆ, ಉದ್ದ ಗೆರೆ: ನೀವು ಹೇಗೆ ಹಾಕ್ತೀರಿ? ಅನುಭವ ಹೇಳಿ

ಕೇಳಿದವರು: ನಮ್ಮ ಸಂಘದ ಸ್ಮರಣ ಸಂಚಿಕೆಯ ಕರಡು ತಿದ್ದುವ ಕೆಲಸ ನನ್ನ ತಲೆಗೆ ಬಂದಿದೆ. ಒಬ್ಬರು ‘ತಂದೆ-ತಾಯಿ’ ಅಂತ ಬರೆದಿದ್ದಾರೆ, ಇನ್ನೊಬ್ಬರು ‘ತಂದೆತಾಯಿ’. 2010-15 ಅನ್ನುವಲ್ಲಿ ಚಿಕ್ಕ ಗೆರೆಯೋ, ಉದ್ದದ್ದೋ? ತಿಳಿದವರು ಹೇಳಿ.

ಮಗಳ ಮದುವೆ ಮಾಡಿದವರು: ಗೆರೆ ಸುದ್ದಿ ಎತ್ತಬೇಡಿ, ಮೈ ಉರಿಯುತ್ತೆ. ಲಗ್ನಪತ್ರಿಕೆಯಲ್ಲಿ ಮುಹೂರ್ತ ‘10-20-11-35’ ಅಂತ ಅಚ್ಚಾಗಿ ಬಂತು. ಗಂಟೆ ನಿಮಿಷದ ನಡುವೆಯೂ ಅದೇ ಗೆರೆ, ‘ರಿಂದ’ ಅನ್ನೋದಕ್ಕೂ ಅದೇ ಗೆರೆ. ನಾನು ಬರೆದುಕೊಟ್ಟದ್ದು ‘10-20ರಿಂದ 11-35ರವರೆಗೆ’. ಜಾಗ ಸಾಲಲ್ಲ ಅಂತ ಪ್ರೆಸ್ಸಿನವರೇ ಕತ್ತರಿಸಿದರು. ಕಾರ್ಡಿಗೆ 22 ರೂಪಾಯಿ, 500 ಕಾರ್ಡು, 11,000. ಮೇಲೆ ಅಂಟಿಸೋ ಚೀಟಿಗೆ 900. ಆ ಅಂಟು ಲಕೋಟೆಗೂ ಹತ್ತಿಕೊಂಡು ಹರಿದವು, ಹೊಸ ಲಕೋಟೆಗೆ 1,250. ‘ಅದೇನು ಮುಹೂರ್ತವೋ, ಫೋನ್ ನಂಬರೋ’ ಅಂತ ಬೀಗರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಗದಗಿನ ಡಿಟಿಪಿಯವ: ಪ್ರೆಸ್ಸಿನವರ ಮೇಲೆ ಹಾಕೋದು ಸುಲಭ ಬಿಡಿ ಸರ್. ಪ್ರೂಫಿಗೆ ಸಹಿ ಹಾಕಿದವರು ಯಾರು? ನಾನು ಪೇಜ್‌ಮೇಕರ್ (ಪುಟ ಜೋಡಿಸುವ ಹಳೆ ಸಾಫ್ಟ್‌ವೇರ್) ಕಾಲದಿಂದ ಈ ಕೆಲಸದಲ್ಲಿದ್ದೇನೆ. ಒಬ್ಬರ ಊರಿನ ಚರಿತ್ರೆಯನ್ನು ಹಳೆ ಫಾಂಟಿನಿಂದ ಯೂನಿಕೋಡಿಗೆ (ಎಲ್ಲಾ ಕಂಪ್ಯೂಟರಿಗೂ ಹೊಂದುವ ಅಕ್ಷರ ಸಂಕೇತ) ತಂದಾಗ ಇಸವಿಗಳ ನಡುವಿನ ಉದ್ದ ಗೆರೆ ಅಷ್ಟೂ ಚೌಕ ಡಬ್ಬಿಗಳಾದವು. ಎಲ್ಲಾ ಚಿಕ್ಕದು ಮಾಡು ಅಂದರು, ಮಾಡಿದೆ. ಅಚ್ಚಿಗೆ ಹೋಗೋ ಹೊತ್ತಿಗೆ ಮತ್ತೆ ಉದ್ದ ಬೇಕಂತೆ. ಪುಟಕ್ಕೆ 25 ರೂಪಾಯಿ, ತಿದ್ದುಪಡಿ ಪುಕ್ಕಟೆ! ಈಗ ಮೊದಲೇ ಹೇಳಿಬಿಡ್ತೇನೆ. ಇಸವಿ, ಪುಟ, ಬೆಂಗಳೂರು–ಮೈಸೂರು ರೈಲು, ಇವಕ್ಕೆ ಎನ್ ಡ್ಯಾಶ್, ಅಂದರೆ ಚಿಕ್ಕ ಗೆರೆಗಿಂತ (ಹೈಫನ್) ಸ್ವಲ್ಪ ಉದ್ದದ್ದು: ಆಲ್ಟ್ ಹಿಡಿದು 0150. ಮಾತು ನಡುವೆ ತುಂಡಾದರೆ ಎಮ್ ಡ್ಯಾಶ್, ಅದಕ್ಕಿಂತಲೂ ಉದ್ದದ್ದು: 0151. ನಂಬರ್ ಪ್ಯಾಡಿನಲ್ಲೇ ಒತ್ತಬೇಕು, ಮೇಲಿನ ಸಾಲಿನ ಅಂಕಿ ಒತ್ತಿದರೆ ಬರಲ್ಲ.

ಮಗಳ ಮದುವೆ ಮಾಡಿದವರು: ಸಹಿ ಹಾಕಿದ ಪ್ರೂಫಿನಲ್ಲಿ ಸರಿಯಾಗೇ ಇತ್ತು ಸ್ವಾಮಿ. ಗೊತ್ತಿಲ್ಲದೆ ಮಾತಾಡಬೇಡಿ.

ನಿವೃತ್ತ ಕನ್ನಡ ಮೇಷ್ಟ್ರು: ತಂದೆತಾಯಿ, ಗಿಡಮರ, ಅಣ್ಣತಮ್ಮಂದಿರು. ದ್ವಂದ್ವ ಸಮಾಸ, ಕೂಡಿಸಿಯೇ ಬರೆಯಬೇಕು. ‘ಅಂದಿರು’ ಕೊನೆಗೆ ಒಂದೇ ಸಲ ಬರುತ್ತೆ ಅಲ್ವಾ? ಮತ್ತೆ ನಡುವೆ ಗೆರೆ ಯಾಕೆ? ನನ್ನ ತರಗತಿಯಲ್ಲಿ ಗೆರೆ ಹಾಕಿದರೆ ಅರ್ಧ ಅಂಕ ಹೋಗುತ್ತಿತ್ತು. ಒಬ್ಬ ಹುಡುಗನ ತಂದೆ ಗೈಡ್ ಹಿಡಿದುಕೊಂಡು ಹೆಡ್‌ಮಾಸ್ಟರ ತನಕ ಹೋದರು. ನಾನು ಅಂಕ ಕೊಡಲಿಲ್ಲ.

ಅನುವಾದ ಮಾಡುವವಳು: ಮೇಷ್ಟ್ರೇ, ಹಾವು-ಏಣಿ ಆಟವನ್ನು ಕೂಡಿಸಿ ಬರೆಯಿರಿ ನೋಡೋಣ. ‘ಹಾವೇಣಿ’ ಅಂದರೆ ಹಾವೇರಿ ಪಕ್ಕದ ಊರು ಅನ್ಕೋತಾರೆ. ನನ್ನ ಗೋಳು ಬೇರೆ. ‘ಸಾಫ್ಟ್-ವೇರ್’ ಅಂತ ಜನ ಹೈಫನ್ ಹಾಕ್ತಾರೆ, ಇಲ್ಲಾಂದ್ರೆ ‘ವ’ ಒತ್ತಾಗಿ ಕೆಳಗೆ ಕೂರುತ್ತೆ: ಸಾಫ್ಟ್ವೇರ್. ಅಲ್ಲಿ ಬೇಕಾದ್ದು ಹೈಫನ್ ಅಲ್ಲ. ಅಕ್ಷರ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆ ಜೆಡ್‌ಡಬ್ಲ್ಯುಎನ್‌ಜೆ, ಯೂನಿಕೋಡ್ ಸಂಕೇತ 200ಸಿ. ಆಗ ‘ಸಾಫ್ಟ್‌ವೇರ್’ ಬರುತ್ತೆ. ನನಗೆ ಕೊಟ್ಟ ಫೈಲಿನಲ್ಲಿ ಮೂರೂ ರೂಪ ಮೊದಲೇ ಕಲಸಿಹೋಗಿತ್ತು. ಒಂದನ್ನು ಹುಡುಕಿದರೆ ಇನ್ನೊಂದು ಸಿಗಲ್ಲ. ಪದಕ್ಕೆ 1 ರೂಪಾಯಿ 20 ಪೈಸೆ, ಅದರಲ್ಲೂ ಏಕರೂಪ ಇಲ್ಲ ಅಂತ ಬಿಲ್ಲಿನಲ್ಲಿ ಶೇ. 15 ಹಿಡಿದರು.

ನಿವೃತ್ತ ಕನ್ನಡ ಮೇಷ್ಟ್ರು: ನಮ್ಮ ಕಾಲದಲ್ಲಿ ಅದಕ್ಕೆ ಪರಮಪದ ಸೋಪಾನ ಅಂತಿದ್ದರು ತಾಯಿ. ಗೆರೆಯ ಗೋಜೇ ಇರಲಿಲ್ಲ.

ಎಂ.ಎ. ವಿದ್ಯಾರ್ಥಿ: ಎಮ್ ಡ್ಯಾಶ್ ಮಾತ್ರ ಹಾಕಬೇಡಿ. ನನ್ನ ಪ್ರಬಂಧದಲ್ಲಿ ಅದು ಕಂಡಿದ್ದೇ ತಡ, ‘ಇದು ಎಐ ಬರೆದದ್ದು’ ಅಂದುಬಿಟ್ಟರು. ಎರಡು ಹೈಫನ್ ಹೊಡೆದರೆ ವರ್ಡ್ ತಾನೇ ಕೂಡಿಸಿ ಉದ್ದ ಮಾಡುತ್ತೆ ಅಂತ ಎದುರಿಗೇ ತೋರಿಸಿದೆ. ಊಹೂಂ.

ಗದಗಿನ ಡಿಟಿಪಿಯವ: ಬರೆದದ್ದು ನೀವೇ ತಾನೇ?

ಎಂ.ಎ. ವಿದ್ಯಾರ್ಥಿ: ನಿಮ್ಮ ಹತ್ತಿರ ಪ್ರೂಫ್ ಕೊಡೋರ ಕಷ್ಟ ಈಗ ಅರ್ಥ ಆಯ್ತು.

ಕೇಳಿದವರು: ಜಗಳ ಬಿಡ್ರಪ್ಪಾ. ಇಸವಿಗೆ ಎನ್ ಡ್ಯಾಶ್ ಅಂತ ಬರೆದುಕೊಂಡೆ. ತಂದೆತಾಯಿ ಏನು ಮಾಡಲಿ?

ಸೊಸೈಟಿ ಕಾರ್ಯದರ್ಶಿ: ಅದು ಹೇಗಾದರೂ ಇರಲಿ, ಸಂಚಿಕೆ ಪೂರ್ತಿ ಒಂದೇ ಥರ ಇಡಿ. ಸದಸ್ಯರ ವಿಳಾಸ ಹಾಕ್ತೀರಾ? ಎಕ್ಸೆಲ್‌ನಲ್ಲಿ ಮನೆ ನಂಬರ್ 3-4 ಅಂತ ಹೊಡೆದರೆ ಏಪ್ರಿಲ್ 3 ಆಗುತ್ತೆ. ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಿ. ಆಮೇಲೆ ಮಾಡಿದರೆ ಯಾವುದೋ ಐದಂಕಿಯ ಸಂಖ್ಯೆ ಬಂದು ಕೂರುತ್ತೆ. ಹಿಂದಿನ ಕಾರ್ಯದರ್ಶಿ ಹಾಗೇ ಮಾಡಿಟ್ಟು ಹೋಗಿದ್ದರು. ಕಳಿಸಿದ ನೋಟಿಸು ರಾಶಿ ವಾಪಸ್ ಬಂತು, ಅಂಚೆ ಖರ್ಚು ಕೇಳಿದರೆ ‘ನನ್ನ ಅವಧಿ ಮುಗಿದಿದೆ’ ಅಂತಾರೆ.